ಬಡಗು ತಪ್ಪದ ಸುಭದ್ರಾ ಟೀಚರ್

ಸುಭದ್ರಾ ಟೀಚರಿಗೆ ಎಡ, ಬಲ ಎಂಬುದು ಇರಲಿಲ್ಲ. ಎಲ್ಲವೂ ಮೂಡು, ಪಡು, ಬಡಗು, ತೆಂಕು. ಊಟಕ್ಕೆ ಕೂತರೆ "ಪಡುವಣ ಕಡೆ ಇರೋ ಪಲ್ಯ ಇನ್ನೊಂದು ಚೂರು ಹಾಕು" ಅನ್ನುತ್ತಿದ್ದರು. ಬಡಿಸುವವರು ಸೌಟು ಹಿಡಿದು ಸೂರ್ಯನನ್ನು ಹುಡುಕಬೇಕು. ಮೀನಂಗಡಿ ಪೇಟೆಯಲ್ಲಿ ಡಾಕ್ಟರು ಯಾವ ಮೊಣಕಾಲು ನೋಯುತ್ತದೆ ಎಂದು ಕೇಳಿದ್ದಕ್ಕೆ "ಈಗ ಕೂತಿರೋ ಹಾಗೆ ಆದ್ರೆ ತೆಂಕಣದ್ದು" ಎಂದರಂತೆ. ಡಾಕ್ಟರು ಎರಡನ್ನೂ ಒತ್ತಿ ನೋಡಿದರಂತೆ. ಇದನ್ನು ಟೀಚರೇ ಹೇಳಿಕೊಂಡು ನಗುತ್ತಿದ್ದರು, ಅಭ್ಯಾಸ ಮಾತ್ರ ಬಿಡಲಿಲ್ಲ. ಹೊಸಬರ ಮನೆಗೆ ಹೋದರೆ ಚಹಾ ಬರುವ ಮೊದಲು ಎದ್ದು ಅಂಗಳಕ್ಕೊಂದು ಸುತ್ತು ಹೋಗಿ ಬರುತ್ತಿದ್ದರು. ಬಡಗು ಯಾವ ಕಡೆ ಎಂದು ತಿಳಿಯದೆ ಅವರಿಗೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಂಥ ಹೆಂಗಸು ಒಂದು ಮಳೆಗಾಲ ಪೂರ್ತಿ ತನಗೆ ಬಡಗು ಗೊತ್ತಿದೆಯೋ ಇಲ್ಲವೋ ಎಂಬ ಸಂಶಯದಲ್ಲಿ ಕಳೆದರು. ಅದಕ್ಕೆ ಕಾರಣ ನಾನು. ಇಲ್ಲಿ ಬರೆಯಹೊರಟಿರುವುದು ಅವರ ಹೆಚ್ಚುಗಾರಿಕೆಯನ್ನೇ. ಆದರೆ ನನ್ನ ತಪ್ಪನ್ನು ಬಿಟ್ಟು ಅದನ್ನು ಹೇಳಲು ಆಗುವುದಿಲ್ಲ. ಹಾಗಾಗಿ ಎರಡೂ ಬರುತ್ತವೆ.

ನಮ್ಮದು ಚೇಕಾಡಿ. ಸುತ್ತ ಕಾಡು, ನಡುವೆ ಗದ್ದೆ. ಅವರ ಮನೆಯವರೂ ನಮ್ಮ ಮನೆಯವರೂ ಯಾವಾಗಲೋ ಗಡಿಯ ಹೊಳೆ ದಾಟಿ ಈಚೆಗೆ ಬಂದು ಗದ್ದೆ ಮಾಡಿದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ. ನಾನು ಹೊಳೆಯಾಚೆ ಅಜ್ಜಿಯ ಮನೆಯಲ್ಲಿದ್ದುಕೊಂಡು ಹೈಸ್ಕೂಲಿನವರೆಗೆ ಕನ್ನಡದಲ್ಲಿ ಓದಿದೆ. ಆದ್ದರಿಂದ ಇಷ್ಟಾದರೂ ಬರೆಯುತ್ತಿದ್ದೇನೆ. ಟೀಚರ್ ನನಗಿಂತ ಮೂರು ನಾಲ್ಕು ವರ್ಷ ದೊಡ್ಡವರು. ಓದಿ, ಪುಲ್ಪಳ್ಳಿ ಕಡೆಯ ಶಾಲೆಯೊಂದರಲ್ಲಿ ಮಲಯಾಳದಲ್ಲಿ ಸಮಾಜ ಪಾಠ ಹೇಳಿದರು. ಮದುವೆಯಾಗಲಿಲ್ಲ. ಅಣ್ಣನ ಮನೆಯ ಜಗಲಿಯ ಒಂದು ಕೋಣೆ ಅವರದು. ಅದರ ಗೋಡೆಯ ತುಂಬ ಮ್ಯಾಪು. ದೇವರ ಪಟ ಬಾಗಿಲ ಮೇಲೆ ಒಂದೇ ಒಂದು.

ನಾನು ಬೋಳುಮಲೆಗೆ ಜನರನ್ನು ಹತ್ತಿಸುತ್ತಿದ್ದೆ. ನಮ್ಮೂರಿನಿಂದ ಜೀಪಿನಲ್ಲಿ ಒಂದು ಗಂಟೆಯ ದಾರಿ ಹೋದರೆ ಅದರ ಬುಡ. ಅಪ್ಪ ಅಲ್ಲಿ ದನ ಮೇಯಿಸಿದವರು. ನಾನು ನಡೆಯಲು ಕಲಿತ ಮೇಲೆ ಅವರ ಹಿಂದೆಯೇ ಹೋದವನು, ಶಾಲೆಗೆ ಸೇರಿದ ಮೇಲೂ ರಜೆ ಸಿಕ್ಕರೆ ಅಲ್ಲೇ. ಮೊದಲರ್ಧ ಕಾಡು, ಮೇಲರ್ಧ ಬರೀ ಹುಲ್ಲು. ಹುಲ್ಲಿನ ನಡುವೆ ಮಡಿಲಲ್ಲಿಟ್ಟ ಹಾಗೆ ಅಲ್ಲಲ್ಲಿ ಶೋಲಾ ಕಾಡು. ಬಿಸಿಲಿದ್ದರೆ ಕುರುಡನೂ ಹತ್ತಿ ಇಳಿಯಬಹುದು. ಕೊಡಗಿನ ಕಡೆಯಿಂದ ಮಂಜು ಎದ್ದರೆ ಮಾತ್ರ ಚಾಚಿದ ಕೈಯ ಬೆರಳು ಕಾಣದು. ಒಂದು ಮರವಿಲ್ಲ, ಗುರುತಿಲ್ಲ, ಎಲ್ಲ ಕಡೆಯೂ ಅದೇ ಹುಲ್ಲು. ಹೊರಗಿನ ಜನ ಬೆಟ್ಟ ಹತ್ತಲು ಬರತೊಡಗಿದಾಗ ಊರಿನವರು ಸೇರಿ ಒಂದು ಸಮಿತಿ ಮಾಡಿದರು. ಮುಳ್ಳನ್‌ಕೊಲ್ಲಿಯ ಕಾಳುಮೆಣಸಿನ ವ್ಯಾಪಾರಿ ಜೋಸೇಟ್ಟ, ಅಂದರೆ ಜೋಸಣ್ಣ, ಅಧ್ಯಕ್ಷರು, ದಾರಿ ತೋರಿಸುವವರಿಗೆ ನಾನು ಹಿರಿಯ. ಬೋಳುಮಲೆ ನನ್ನ ಹಿತ್ತಲು ಎಂದುಕೊಂಡಿದ್ದೆ.

ಟೀಚರ್ ನಿವೃತ್ತರಾದ ಮರುವಾರ ಆ ಹಿತ್ತಲಿಗೆ ಕಾಲಿಟ್ಟರು. ಜೀವಮಾನದಲ್ಲಿ ಮೊದಲ ಸಲ ಚೂಡಿದಾರ್ ಹಾಕಿದ್ದರು, ಅಣ್ಣನ ಮಗಳು ಹೊಲಿಸಿಕೊಟ್ಟದ್ದು. ಕಾಲಿಗೆ ಕ್ಯಾನ್ವಾಸ್ ಬೂಟು, ಕೈಯಲ್ಲಿ ಕೊಡೆ. ಮೀನಂಗಡಿಯ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದ ಸರ್ವೆ ಮ್ಯಾಪನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನಂಥದ್ದೇ ದೊಡ್ಡ ಕವರಿನಲ್ಲಿ ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡಿದ್ದರು. ಜೀಪಿನವರು ನಕ್ಕರು. ನಾನೂ ಸುಮ್ಮನಿರಲಿಲ್ಲ.

"ಆನೆ ಎದುರಿಗೆ ಬಂದ್ರೆ ಈ ಮ್ಯಾಪು ತೋರ್ಸ್ತೀರಾ ಟೀಚರೇ?"

"ಆನೆಗೆ ಯಾಕೋ? ಅದಕ್ಕೆ ದಾರಿ ಗೊತ್ತು. ನಿನಗೆ ತೋರ್ಸೋಕೆ ತಂದದ್ದು."

ಆ ದಿನ ಹತ್ತುತ್ತ ಅವರು ಮಾಡಿದ್ದನ್ನು ನಾನು ಬೆರಗಿನಿಂದಲ್ಲ, ಸಿಟ್ಟಿನಿಂದ ನೋಡಿದೆ. ಹಳ್ಳ ಸಿಕ್ಕರೆ ನಿಲ್ಲುವುದು, ಬಂಡೆ ಸಿಕ್ಕರೆ ನಿಲ್ಲುವುದು, ಹಾಳೆಯನ್ನು ನೆಲದ ಮೇಲೆ ಹಾಸಿ ಅದನ್ನು ತಿರುಗಿಸುವುದು. ದಿಕ್ಸೂಚಿಯ ಮುಳ್ಳಿಗೂ ಹಾಳೆಯ ಬಡಗಿಗೂ ತಾಳೆಯಾಗುವ ತನಕ ತಿರುಗಿಸುತ್ತಿದ್ದರು. ನಾನು ಅವಸರಪಡಿಸಿದರೆ "ಬೆಟ್ಟ ತಿರುಗಲ್ಲ ಮಾದಪ್ಪ, ಕಾಗದನೇ ತಿರುಗ್ಬೇಕು" ಅನ್ನುತ್ತಿದ್ದರು. ಅವರ ಶಿಷ್ಯರು ಇಂದಿಗೂ ಆ ಮಾತನ್ನು ಅವರದೇ ದನಿಯಲ್ಲಿ ಅಣಕಿಸಿ ಹೇಳುತ್ತಾರೆ.

ಎರಡು ಬೇಸಿಗೆ ಹೀಗೆ ಹತ್ತಿ ಇಳಿದು ಟೀಚರ್ ಬೋಳುಮಲೆಯ ತಮ್ಮದೇ ಮ್ಯಾಪು ಬರೆದರು. ಸರ್ವೆಯ ಹಾಳೆಯಲ್ಲಿ ಇಲ್ಲದ ಆನೆದಾರಿ, ಒರತೆ, ಗುಹೆ, ಜಾರುವ ಕಲ್ಲು ಎಲ್ಲ ಅದರಲ್ಲಿ ಬಂತು. ಎಲ್ಲಿಂದ ಎಲ್ಲಿಗೆ ಮುಳ್ಳಿನ ಯಾವ ಗೆರೆ ಹಿಡಿದು ನಡೆಯಬೇಕು ಎಂಬುದನ್ನೂ ಪಕ್ಕದಲ್ಲಿ ಬರೆದರು. ಅವರ ಆಸೆ ಒಂದೇ. ಮಂಜಿನಲ್ಲೂ ನಮ್ಮೂರಿನವರು ನಮ್ಮೂರಿನ ಮ್ಯಾಪು ಹಿಡಿದು ಜನರನ್ನು ಸುರಕ್ಷಿತವಾಗಿ ಇಳಿಸಿ ತರಬೇಕು. ಒಂದೆರಡು ವರ್ಷದಲ್ಲಿ ನನ್ನಂಥ ಮುದುಕರ ಕಾಲು ಸೋತರೂ ದಾರಿ ಊರಿನ ಕೈಯಲ್ಲೇ ಉಳಿಯಬೇಕು. ಸಮಿತಿ ಒಪ್ಪಿತು. ದಾರಿ ತೋರಿಸುವವರೆಲ್ಲ ಟೀಚರ ಹತ್ತಿರ ಕಲಿಯಬೇಕೆಂದು ಜೋಸೇಟ್ಟ ಹೇಳಿದರು. ಮೊದಲ ಹೆಸರು ನನ್ನದೇ.

ಅವರು ಕಲಿಸಿದ ರೀತಿಯನ್ನು ಹೇಳಲೇಬೇಕು. ಮ್ಯಾಪಿನ ತುಂಬ ಬಳುಕುವ ಕಂದು ಗೆರೆಗಳು, ನಮಗೆ ತಲೆಬುಡ ತಿಳಿಯದು. ಟೀಚರ್ ನಮ್ಮನ್ನು ನಾಟಿಯಾದ ಗದ್ದೆಗೆ ಕರೆದುಕೊಂಡು ಹೋದರು. ಮೇಲಿನ ತಿಟ್ಟಿನಲ್ಲಿ ನಿಲ್ಲಿಸಿ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆಯ ಬದುಗಳನ್ನು ಕೊಡೆಯ ತುದಿಯಿಂದ ತೋರಿಸಿದರು.

"ಒಂದು ಗದ್ದೆಯಲ್ಲಿ ನೀರು ಎಲ್ಲ ಕಡೆ ಒಂದೇ ಮಟ್ಟ, ಅಲ್ವಾ? ಆ ನೀರಿನ ಅಂಚೇ ಈ ಗೆರೆ. ಬದು ದೂರ ದೂರ ಇದ್ರೆ ನೆಲ ಸಮ. ಹತ್ತಿರ ಹತ್ತಿರ ಇದ್ರೆ?"

"ಕಡಿದು," ಎಂದೆವು.

"ಬದುಗಳೆಲ್ಲ ಒಂದರ ಮೇಲೆ ಒಂದು ಬಿದ್ದ ಹಾಗಿದ್ರೆ?"

"ಅಲ್ಲಿ ಯಾರೂ ಗದ್ದೆ ಮಾಡಲ್ಲ ಟೀಚರೇ," ಎಂದ ಒಬ್ಬ.

"ಶೆರಿ. ಅಲ್ಲಿ ನೀನೂ ನಡೀಬೇಡ."

ಅಷ್ಟೇ ಪಾಠ. ಬೆಟ್ಟವಿಡೀ ಗದ್ದೆಯಾಗಿ ಕಣ್ಣಿಗೆ ಕಟ್ಟಿತು. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಂದು ಮಾತ್ರ ನನಗೆ ಹೊಟ್ಟೆಕಿಚ್ಚಾಯಿತು. ನಾನು ಹುಟ್ಟಿದಂದಿನಿಂದ ತುಳಿದ ಬೆಟ್ಟವನ್ನು ಇವರು ಕೊಡೆ ಊರಿಕೊಂಡು ಬಂದು ನನಗೇ ಹೇಳಿಕೊಡುತ್ತಿದ್ದಾರಲ್ಲ ಎಂದು.

ಫೋನನ್ನೂ ಅವರು ಕಡೆಗಣಿಸಲಿಲ್ಲ. ಅರವತ್ತು ದಾಟಿದ ಮೇಲೆ ಅಣ್ಣನ ಮಗಳ ಹತ್ತಿರ ಕಲಿತರು. ಬೆಟ್ಟದ ಮೇಲೆ ರೇಂಜ್ ಇರುವುದಿಲ್ಲ, ಮ್ಯಾಪನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಬೇಕು, ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ, ಆದ್ದರಿಂದ ಫೋನನ್ನು ಒಳಜೇಬಿನಲ್ಲಿ ಮೈಗೆ ತಾಗಿಸಿ ಇಡಬೇಕು ಎಂದು ನಮಗೆ ಹೇಳಿಕೊಟ್ಟವರು ಅವರೇ. ಆದರೆ ಫೋನೊಂದನ್ನೇ ನಂಬಿ ಬಂದವರನ್ನು ಬುಡದಲ್ಲೇ ನಿಲ್ಲಿಸಿ ಬೈಯುತ್ತಿದ್ದರು. ಅವರ ಲೆಕ್ಕದಲ್ಲಿ ಕೇಳಬೇಕಾದವರು ಮೂರು ಜನ: ಕಾಗದ, ಮುಳ್ಳು, ಕಾಲು. "ಮೂವರೂ ಒಂದೇ ಮಾತು ಹೇಳಿದ್ರೆ ನಡಿ. ಒಬ್ಬ ಬೇರೆ ಹೇಳಿದ್ರೆ ಕೂತ್ಕೊ. ಕೂತ್ಕೊಂಡು ಯಾಕೆ ಅಂತ ಕೇಳು." ಕಾಲನ್ನು ಅವರು ಎಂದೂ ಕೀಳುಮಾಡಲಿಲ್ಲ. ಬಹಳ ತಡವಾಗಿ ನನಗೆ ಅದು ಅರ್ಥವಾಯಿತು. ನನ್ನ ಕಾಲನ್ನೂ ಅವರು ಒಂದು ಸಲಕರಣೆ ಎಂದು ಎಣಿಸಿದ್ದರು. ಅದಕ್ಕಿಂತ ದೊಡ್ಡ ಮರ್ಯಾದೆ ನನಗೆ ಯಾರೂ ಕೊಟ್ಟಿಲ್ಲ.

ಇನ್ನೊಂದನ್ನೂ ಅವರು ಕಲಿಸಿದ್ದರು. ಮುಳ್ಳು ನೋಡುವಾಗ ಕಬ್ಬಿಣ ಹತ್ತಿರ ಇರಬಾರದು. ನಾನು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡೆ, ಬೀಗದ ಕೈ ಬೇರೆಯವರಿಗೆ ಕೊಟ್ಟೆ. ಕತ್ತಿ ಮಾತ್ರ ಕೈಯಲ್ಲೇ ಉಳಿಯಿತು. ನಮ್ಮಲ್ಲಿ ಬೆಟ್ಟದ ಮೇಲೆ ಕತ್ತಿ ನೆಲಕ್ಕೆ ಇಡುವುದಿಲ್ಲ. ಕಾಡಿಗೆ ಕಾಲಿಟ್ಟಲ್ಲಿಂದ ಮನೆಗೆ ಬರುವ ತನಕ ಅದು ಕೈಯಲ್ಲಿರಬೇಕು, ಇಲ್ಲವೇ ಸೊಂಟದ ಹಿಂದಿನ ಕೊಕ್ಕೆಯಲ್ಲಿ. ನೆಲಕ್ಕಿಟ್ಟರೆ ಬೆಟ್ಟಕ್ಕೆ ಸೋತೆ ಎಂದು ಹೇಳಿದ ಹಾಗೆ ಎಂದು ಅಪ್ಪ ಹೇಳುತ್ತಿದ್ದರು, ಅವರಿಗೆ ಅವರ ಅಪ್ಪ. ನಾನು ಎಡಚ, ಹುಲ್ಲು ಸವರಿ ಸವರಿ ಎಡಗೈಗೆ ಅದು ಅಂಟಿಕೊಂಡಿತ್ತು. ಆ ಎಡಗೈಯ ಮಣಿಕಟ್ಟಿನ ಮೇಲೆಯೇ ದಿಕ್ಸೂಚಿ ಇಟ್ಟು ನಾನು ಮುಳ್ಳು ನೋಡುತ್ತಿದ್ದೆ. ಕಬ್ಬಿಣ ಅಂದರೆ ಬೀಗದ ಕೈ, ಮೊಳೆ. ಕತ್ತಿ ಅಂದರೆ ನನ್ನ ಕೈ. ಅದು ಕಬ್ಬಿಣವೆಂದು ನನಗೆ ಹೊಳೆಯಲೇ ಇಲ್ಲ. ಟೀಚರ ಜೊತೆ ಹೋದಾಗಲೆಲ್ಲ ಮುಳ್ಳು ನೋಡುತ್ತಿದ್ದವರು ಅವರು, ಹಾಗಾಗಿ ಯಾರಿಗೂ ಇದು ಗೊತ್ತಾಗಲಿಲ್ಲ.

ಮಳೆಗಾಲಕ್ಕೆ ಮುಂಚಿನ ಕೊನೆಯ ತಂಡ. ಕೋಝಿಕ್ಕೋಡಿನಿಂದ ಆರು ಜನ ಬಂದಿದ್ದರು. ಟೀಚರಿಗೆ ಮೊಣಕಾಲು ಊದಿತ್ತು, ಬೆಟ್ಟದ ಬುಡದಲ್ಲಿರುವ ಸಮಿತಿಯ ಬಿಡಾರದಲ್ಲಿ ಉಳಿದರು. ಮ್ಯಾಪಿನ ಒಂದು ಪ್ರತಿಯನ್ನೂ ದಿಕ್ಸೂಚಿಯನ್ನೂ ನನ್ನ ಕೈಗೆ ಕೊಟ್ಟು ಕಳಿಸಿದರು. ನೆತ್ತಿ ಮುಟ್ಟಿ ಇಳಿಯುವಾಗ ಚಪ್ಪಡಿ ಕಲ್ಲಿನ ಹತ್ತಿರ ಮಂಜು ಮುಚ್ಚಿತು. ಆ ಕಲ್ಲಿನಿಂದ ಬೆಟ್ಟದ ಬೆನ್ನೆಲುಬಿನಂಥ ಎರಡು ಏಣು ಕೆಳಗಿಳಿಯುತ್ತವೆ. ಮೂಡಣ ಏಣು ನಮ್ಮ ಬಿಡಾರಕ್ಕೆ, ತೆಂಕಣ ಏಣು ಕಲ್ಲುಕೊರಕಲಿಗೆ. ತಂಡದವರ ಫೋನಿನಲ್ಲಿ ಮ್ಯಾಪು ಇಳಿಸಿರಲಿಲ್ಲ, ರೇಂಜೂ ಇಲ್ಲ. ನಾನು ಕತ್ತಿ ಹಿಡಿದ ಕೈಯ ಮೇಲೆ ದಿಕ್ಸೂಚಿ ಇಟ್ಟು, ಟೀಚರ್ ಬರೆದ ಗೆರೆ ಹಿಡಿದು ನಡೆದೆ.

ಮೂಡಣ ಏಣು ಮೊದಲು ಕೊಂಚ ಏರಿ ಆಮೇಲೆ ಇಳಿಯುತ್ತದೆ. ಅಂದು ಕಾಲಿಗೆ ಏರು ಸಿಗಲಿಲ್ಲ. ಹೊರಟ ಸ್ವಲ್ಪದರಲ್ಲೇ ನನಗೆ ಗೊತ್ತಾಯಿತು. ಕಾಗದವೂ ಮುಳ್ಳೂ ಒಂದು ಹೇಳುತ್ತಿವೆ, ಕಾಲು ಬೇರೆ ಹೇಳುತ್ತಿದೆ. ಕೂತುಕೊಳ್ಳಬೇಕಿತ್ತು. ಕೂರಲಿಲ್ಲ. ಯಾಕೆ ಎಂಬುದನ್ನು ಬರೆಯಲು ಕೈ ಹಿಂಜರಿಯುತ್ತದೆ. ಟೀಚರ ಮ್ಯಾಪು ತಪ್ಪಲಿ ಎಂದು ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಇತ್ತು. ತಪ್ಪಿದರೆ ಮರುದಿನದಿಂದ ಬೆಟ್ಟ ಮತ್ತೆ ನನ್ನದು. ಇನ್ನೊಂದು ಸ್ವಲ್ಪ ಹೋಗಿ ನೋಡೋಣ ಎಂದುಕೊಂಡೆ, ಆಮೇಲೆ ಇನ್ನೊಂದು ಸ್ವಲ್ಪ. ಕೊರಕಲಿನ ಅಂಚಿನಲ್ಲಿ ತಂಡದ ಒಬ್ಬ ಹೆಂಗಸು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಇನ್ನೆರಡು ಹೆಜ್ಜೆ ಮುಂದೆ ಜಾರಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಂಜು ಹರಿಯುವ ತನಕ ಅಲ್ಲೇ ಕೂತಿದ್ದು, ಅವರ ಕೈಗೆ ನನ್ನ ಹೆಗಲ ತೋರ್ತು ಬಟ್ಟೆ ಕಟ್ಟಿ, ಹಿಂದಕ್ಕೆ ಹತ್ತಿ ಇಳಿದೆವು.

ಸಮಿತಿ ಕೂತಾಗ ಏನಾಯಿತೆಂದು ಜೋಸೇಟ್ಟ ಕೇಳಿದರು. ಟೀಚರ್ ಬರೆದ ಗೆರೆಯನ್ನೇ ಹಿಡಿದು ನಡೆದೆ ಎಂದೆ. ಅದು ಸುಳ್ಳಲ್ಲ. ಕಾಲು ಹೇಳಿದ್ದನ್ನು ಮಾತ್ರ ಹೇಳಲಿಲ್ಲ. ಬೆಟ್ಟ ತುಳಿದೇ ಬೆಳೆದವನ ಮಾತು, ಎಲ್ಲರೂ ನಂಬಿದರು. ಟೀಚರ್ ಎದ್ದು ನಿಂತು, ಎಲ್ಲಿಯೋ ತನ್ನ ಲೆಕ್ಕ ತಪ್ಪಿರಬೇಕು, ನೋಡುತ್ತೇನೆ ಎಂದರು. ಸಮಿತಿಯವರು ಬಿಡಾರದ ಗೋಡೆಯಿಂದ ಅವರ ಮ್ಯಾಪನ್ನು ಇಳಿಸಿದರು. ಮಳೆಗಾಲ ಕಳೆದ ಮೇಲೆ ಹೊರಗಿನ ಯಾವುದೋ ಕಂಪನಿಗೆ ದಾರಿ ಒಪ್ಪಿಸುವ ಮಾತೂ ಬಂತು.

ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಜಗಲಿಯಲ್ಲಿ ಕತ್ತಿ ಮಸೆಯುತ್ತ ಕೂತಿದ್ದೆ. ಪಕ್ಕದ ತಿಣ್ಣೆಯ ಮೇಲೆ ಟೀಚರಿಗೆ ಹಿಂತಿರುಗಿಸದೆ ಉಳಿದಿದ್ದ ದಿಕ್ಸೂಚಿ. ಕತ್ತಿಯನ್ನು ತಿರುಗಿಸಿ ಮತ್ತೊಂದು ಮಗ್ಗುಲು ಮಸೆಯಲು ಹೋದಾಗ ಮುಳ್ಳು ಕತ್ತಿಯ ಹಿಂದೆ ನಾಯಿಮರಿಯ ಹಾಗೆ ಬಂತು. ಮತ್ತೆ ಮಾಡಿದೆ, ಮತ್ತೆ ಬಂತು. ಮ್ಯಾಪು ಸರಿಯಿತ್ತು. ಕೆಟ್ಟದ್ದು ನನ್ನ ಕೈ.

ಆಗಲೇ ಎದ್ದು ಹೋಗಬಹುದಿತ್ತು, ಗದ್ದೆಯ ಬದು ದಾಟಿದರೆ ಐದು ನಿಮಿಷ ಅವರ ಮನೆಗೆ. ನಾನು ಹೋಗಲಿಲ್ಲ. ಹೋದರೆ ಕತ್ತಿಯದನ್ನು ಮಾತ್ರವಲ್ಲ, ಕಾಲಿನದನ್ನೂ ಹೇಳಬೇಕಾಗುತ್ತದೆ. ನಾಳೆ ಹೇಳೋಣ, ಮಳೆ ನಿಂತ ಮೇಲೆ ಹೇಳೋಣ ಎಂದು ಮುಂದೂಡಿದೆ.

ಅಷ್ಟರಲ್ಲಿ ಟೀಚರ್ ಒಳಗೊಳಗೇ ಕರಗುತ್ತಿದ್ದರು. ಜಗಲಿಯಲ್ಲಿ ಹಾಳೆ ಹರವಿಕೊಂಡು ಅದೇ ಗೆರೆಗಳನ್ನು ಮತ್ತೆ ಮತ್ತೆ ಅಳೆಯುತ್ತಿದ್ದರು ಎಂದು ಅವರ ಅಣ್ಣನ ಮಗಳು ಹೇಳಿದಳು. ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ನಾಮಕರಣದ ಊಟಕ್ಕೆ ಅವರ ಪಕ್ಕದಲ್ಲೇ ಕೂತಿದ್ದೆ. ಬಡಿಸುವ ಹುಡುಗಿಗೆ ಅವರು "ಎಡಗಡೆ ಪಲ್ಯ ಸ್ವಲ್ಪ ಹಾಕಮ್ಮ" ಅಂದರು. ಪಂಕ್ತಿಯಲ್ಲಿ ಯಾರಿಗೂ ಅದು ಕೇಳಿಸಿದಂತಿರಲಿಲ್ಲ. ನನಗೆ ಅನ್ನ ಸೇರಲಿಲ್ಲ. ಕೈ ತೊಳೆಯಲು ಹೋದಾಗ ಅವರು ನನ್ನ ಹತ್ತಿರ ನಿಂತು, ಯಾರಿಗೂ ಕೇಳಿಸದ ಹಾಗೆ ಕೇಳಿದರು.

"ಮಾದಪ್ಪ, ನಮ್ಮ ಬಾವಿ ಮನೆಗೆ ಬಡಗಲ್ಲೇ ಇರೋದು, ಅಲ್ವಾ?"

"ಬಡಗಲ್ಲೇ ಟೀಚರೇ," ಎಂದೆ. ಅಷ್ಟು ಹೇಳಿ ಉಳಿದದ್ದನ್ನು ನುಂಗಿಕೊಂಡು ಮನೆಗೆ ಬಂದೆ.

ಮಳೆ ಬಿಟ್ಟ ಮೇಲೆ ಅವರು ಹೇಳಿ ಕಳಿಸಿದರು. ಚಪ್ಪಡಿ ಕಲ್ಲಿಗೆ ಹೋಗಿ ತನ್ನ ತಪ್ಪು ಎಲ್ಲಿ ಎಂದು ನೋಡಬೇಕು, ಜೊತೆಗೆ ನಾನು ಬರಬೇಕು. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದರು. ಕಾಡು ದಾಟುವ ಹೊತ್ತಿಗೆ ಮುಖ ಬೂದಿಯಾಗಿತ್ತು. ನಾಲ್ಕು ಹೆಜ್ಜೆಗೊಮ್ಮೆ ಕೊಡೆಯ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದರು. ಹಿಂದಕ್ಕೆ ಹೋಗೋಣ ಎಂದರೆ ಕೇಳಲಿಲ್ಲ. ಇಲ್ಲದ ತಪ್ಪನ್ನು ಹುಡುಕಿಕೊಂಡು ಆ ವಯಸ್ಸಿನಲ್ಲಿ, ಆ ಕಾಲಿನಲ್ಲಿ ಅವರು ಬೆಟ್ಟ ಹತ್ತುತ್ತಿದ್ದರು. ನಾನು ಹಿಂದಿನಿಂದ ನೋಡುತ್ತ ಹತ್ತುತ್ತಿದ್ದೆ. ಕಲ್ಲಿನ ಮೇಲೆ ಕೂತು ಅವರು ಹಾಳೆ ಬಿಚ್ಚುವಾಗ ನನ್ನಿಂದ ತಡೆಯಲಾಗಲಿಲ್ಲ. ಕತ್ತಿಯದನ್ನು ಹೇಳಿದೆ.

ಅವರು ಕೈ ಚಾಚಿ "ಕೊಡು ಇಲ್ಲಿ" ಎಂದು ಕತ್ತಿ ತೆಗೆದುಕೊಂಡರು. ದಿಕ್ಸೂಚಿಯನ್ನು ಕಲ್ಲಿನ ಮೇಲಿಟ್ಟು ಕತ್ತಿಯನ್ನು ಹತ್ತಿರ ತಂದರು, ದೂರ ಒಯ್ದರು. ಒಂದು ಗೇಣು, ಎರಡು ಗೇಣು, ಒಂದು ಮಾರು. ಮುಳ್ಳು ಎಷ್ಟು ತಿರುಗುತ್ತದೆ ಎಂದು ನೋಡಿ, ಹಾಳೆಯ ಮೇಲೆ ಬೆರಳಿಟ್ಟು, ಅಷ್ಟು ತಪ್ಪಿದರೆ ಎಲ್ಲಿಗೆ ಬೀಳುತ್ತಾರೆ ಎಂದು ಗೆರೆ ಎಳೆದರು. ಗೆರೆ ನೇರ ತೆಂಕಣ ಏಣಿನ ಮೇಲೆ ಹೋಗಿ ನಿಂತಿತು. ಅವರ ಮುಖ ಬೆಳಗಿದ್ದನ್ನು ನಾನು ಬರೆದು ತೋರಿಸಲಾರೆ. ತಿಂಗಳುಗಟ್ಟಲೆ ಕಾಣೆಯಾಗಿದ್ದ ಮಗು ಮನೆಗೆ ಬಂದ ಹಾಗೆ.

"ಸರಿಯಾಗೇ ಬರೆದಿದ್ದೆ ಕಣೋ," ಎಂದರು. "ಸರಿಯಾಗೇ ಬರೆದಿದ್ದೆ."

ಅಲ್ಲಿಗೆ ನಿಲ್ಲಿಸಿದ್ದರೆ ಅವರು ನಗುತ್ತಲೇ ಇಳಿಯುತ್ತಿದ್ದರು. ಆದರೆ ಅರ್ಧ ಹೇಳಿ ಇಳಿಯುವುದು ನನ್ನಿಂದಾಗಲಿಲ್ಲ. ಕಾಲು ಹೇಳಿದ್ದನ್ನೂ, ನಾನು ಕೂರದಿದ್ದದ್ದನ್ನೂ, ಯಾಕೆ ಎಂಬುದನ್ನೂ ಹೇಳಿದೆ. ಕತ್ತಿಯ ವಿಷಯ ಮಳೆಯ ಶುರುವಿನಲ್ಲೇ ಗೊತ್ತಾಗಿತ್ತು ಎಂದೂ ಹೇಳಿದೆ.

ಅವರ ಕೈ ಹಾಳೆಯ ಮೇಲೆ ನಿಂತಿತು.

"ನನ್ನ ಮ್ಯಾಪು ಸೋಲಲಿ ಅಂತ ಆರು ಜನರನ್ನ ಕೊರಕಲಿಗೆ ಕರ್ಕೊಂಡು ಹೋದ್ಯಾ?"

ಹಾಳೆಯನ್ನು ಮಡಚಿ ಕವರಿಗೆ ಹಾಕಿದರು. "ನನ್ನ ಮಳೆಗಾಲ ಹೋಗ್ಲಿ. ಆ ಹೆಂಗಸಿನ ಕೈ. ಇದನ್ನ ನನಗೆ ಹೇಳಿದ್ರೆ ಸಾಲದು ಮಾದಪ್ಪ."

ಇಳಿಯುವಾಗ ಅವರು ಆಡಿದ್ದು ದಿಕ್ಕಿನ ಮಾತು ಮಾತ್ರ. ಮೂಡಕ್ಕೆ ತಿರುಗು, ತೆಂಕಕ್ಕೆ ಕಾಲಿಡು. ಅದನ್ನೇ ಕೇಳುತ್ತ ನಾನು ಅಳುತ್ತ ಇಳಿದೆ. ಬಡಗು ಅವರಿಗೆ ಮರಳಿ ಸಿಕ್ಕಿತ್ತು.

ಸಮಿತಿಯ ಮುಂದೆ ಅವರು ನನಗಾಗಿ ಒಂದು ಮಾತೂ ಆಡಲಿಲ್ಲ. ನನ್ನ ಬಾಯಿಂದಲೇ ಎಲ್ಲ ಬರಬೇಕಿತ್ತು, ಬಂತು. ಮಲಯಾಳದಲ್ಲಿ ಹೇಳುವಾಗ ಎರಡು ಕಡೆ ತಡವರಿಸಿ ಮಾತನ್ನು ಮೆತ್ತಗೆ ಮಾಡಲು ನೋಡಿದೆ. ಎರಡು ಕಡೆಯೂ ಟೀಚರ್ ನಡುವೆ ಬಾಯಿ ಹಾಕಿ ಶಾಲೆಯಲ್ಲಿ ತಿದ್ದುವ ಹಾಗೆ ತಿದ್ದಿದರು. ಜೋಸೇಟ್ಟ ಸಿಟ್ಟಿನಿಂದ ನನ್ನನ್ನು ಬೆಟ್ಟದಿಂದಲೇ ತೆಗೆದುಹಾಕಬೇಕು ಎಂದರು. ಆಗ ಟೀಚರ್ ಎದ್ದರು. ಮಾದಪ್ಪ ದಾರಿ ತೋರಿಸುವುದು ಬೇಡ, ಆದರೆ ಇನ್ನು ಮುಂದೆ ಕಲಿಯಲು ಬರುವ ಪ್ರತಿಯೊಬ್ಬರಿಗೂ ಈ ಕಥೆಯನ್ನು ಅವನೇ ಹೇಳಬೇಕು, ಚಪ್ಪಡಿ ಕಲ್ಲಿನ ಮೇಲೆ ನಿಂತು ಹೇಳಬೇಕು ಎಂದರು. ಅದು ಶಿಕ್ಷೆಯೋ ಕೆಲಸವೋ ಎಂದು ಅಂದು ಗೊತ್ತಾಗಲಿಲ್ಲ. ಕೈ ಮುರಿದ ಹೆಂಗಸಿಗೆ ಫೋನು ಮಾಡಿ ನಿಜ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು ಫೋನಿಟ್ಟರು. ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವ ಹಕ್ಕು ನನಗಿರಲಿಲ್ಲ.

ಟೀಚರ ಮ್ಯಾಪು ಗೋಡೆಗೆ ಮರಳಿತು. ದಾರಿ ಹೊರಗಿನವರ ಪಾಲಾಗಲಿಲ್ಲ. ಕತ್ತಿಯ ವಿಷಯಕ್ಕೆ ಅವರು ಕಂಡುಕೊಂಡ ಉಪಾಯ ನೋಡಿ. ನೆಲಕ್ಕಿಡಿ ಎಂದಿದ್ದರೆ ನಮ್ಮ ಕಡೆಯ ಯಾರೂ ಮನಸ್ಸಿನಿಂದ ಕೇಳುತ್ತಿರಲಿಲ್ಲ. ಅವರು ಹಾಗೆ ಹೇಳಲಿಲ್ಲ. ಮುಳ್ಳು ನೋಡುವಾಗ ತಂಡದ ಒಬ್ಬರು ಎಲ್ಲರ ಕತ್ತಿಯನ್ನೂ ಹಿಡಿದುಕೊಂಡು ದೂರ ಹೋಗಿ ನಿಲ್ಲಬೇಕು. ಕತ್ತಿ ಕೈಯಲ್ಲೇ ಇರುತ್ತದೆ, ಬೇರೆಯವರ ಕೈಯಲ್ಲಿ. ಅಪ್ಪಂದಿರ ಮಾತೂ ಉಳಿಯಿತು, ಮುಳ್ಳೂ ಉಳಿಯಿತು. ಈಗ ಬೋಳುಮಲೆಯಲ್ಲಿ ಅದೇ ಪದ್ಧತಿ. ಕಾಡಂಚಿನ ಆದಿವಾಸಿ ಕಾಲೋನಿಯ ಹುಡುಗಿಯರೂ ನಮ್ಮ ಕಡೆಯ ಹುಡುಗರೂ ಸೇರಿ ಕಲಿತರು. ಮಂಜು ಬಿದ್ದರೆ ಹುಲ್ಲಿನಲ್ಲಿ ಹಾಳೆ ಹಾಸಿ, ತಿರುಗಿಸಿ, ಮೂವರನ್ನೂ ಕೇಳಿ, ಜನರನ್ನು ಬಿಡಾರಕ್ಕೆ ಇಳಿಸಿ ತರುತ್ತಾರೆ. ನಾನು ಹತ್ತಿರ ಬಂದರೆ "ಮಾದಪ್ಪೇಟ್ಟಾ, ಮೊದ್ಲು ಕತ್ತಿ ಆಚೆ" ಎಂದು ಕೆಣಕುತ್ತಾರೆ. ಅದನ್ನು ಹಿಡಿಯುವವರಿಗೆ ಕೊಟ್ಟು ನಾನೂ ದೂರ ಹೋಗಿ ನಿಲ್ಲುತ್ತೇನೆ. ಅಲ್ಲಿಂದ ಅವರನ್ನು ನೋಡುವಾಗ ಎದೆ ಉಬ್ಬುತ್ತದೆ. ಇದು ನಮ್ಮೂರು ತಾನೇ ಮಾಡಿಕೊಂಡದ್ದು, ನಮ್ಮ ಟೀಚರ್ ಮಾಡಿದ್ದು.

ಟೀಚರ್ ನನ್ನನ್ನು ಕ್ಷಮಿಸಿದೆ ಎಂದು ಯಾವತ್ತೂ ಹೇಳಲಿಲ್ಲ. ಕೇಳಲು ನನಗೂ ಧೈರ್ಯವಿರಲಿಲ್ಲ.

ಕಳೆದ ಬೇಸಿಗೆ ದಾರಿ ತೋರಿಸುವ ಒಬ್ಬ ಹುಡುಗಿ ತಂಡದೊಂದಿಗೆ ಬಾಯಾರಿ ಇಳಿದು ಬಂದಳು. ಎರಡನೆಯ ಶೋಲಾದ ಕೆಳಗೆ ಮ್ಯಾಪಿನಲ್ಲಿ ತೋರಿಸಿದಲ್ಲಿ ಒರತೆ ಇಲ್ಲ ಎಂದಳು. ನಾನು ಹೋಗಿ ನೋಡಿದೆ. ಒರತೆ ಇತ್ತು, ಆದರೆ ದೊಡ್ಡ ಬಂಡೆಯ ಆಚೆ ಮಗ್ಗುಲಿಗೆ. ಟೀಚರ್ ಈಚೆ ಮಗ್ಗುಲಿಗೆ ಬರೆದಿದ್ದರು. ಆ ಹೊತ್ತಿಗೆ ಅವರು ಹಾಸಿಗೆ ಹಿಡಿದಿದ್ದರು. ಇಷ್ಟು ಸಣ್ಣ ವಿಷಯ, ಸುಮ್ಮನೆ ತಿದ್ದಿಸಿಬಿಟ್ಟರೆ ಅವರಿಗೆ ತಿಳಿಯುವುದೂ ಇಲ್ಲ ಎಂದುಕೊಂಡು ಒಂದು ವಾರ ತಳ್ಳಿದೆ. ಆಮೇಲೆ ನನ್ನ ಬಗ್ಗೆಯೇ ಹೇಸಿಗೆಯಾಗಿ ಮ್ಯಾಪು ಸುತ್ತಿಕೊಂಡು ಅವರ ಮನೆಗೆ ಹೋದೆ.

"ಟೀಚರೇ, ಒರತೆ ತಪ್ಪಿದೆ," ಎಂದೆ.

ಅಣ್ಣನ ಮಗಳು ದಿಂಬು ಎತ್ತರಿಸಿ ಕನ್ನಡಕ ಹಾಕಿದಳು. ಟೀಚರ್ ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಬಂಡೆಗೆ ಮೂಡಕ್ಕೋ?"

"ಮೂಡಕ್ಕೆ."

"ನೀನು ಕುಡಿದ್ಯಾ ಅಲ್ಲಿ ನೀರು?"

"ಕುಡಿದೆ."

"ಹಾಗಾದ್ರೆ ನಂದೇ ತಪ್ಪು." ಸಾರಿಗೆ ಉಪ್ಪು ಕಡಿಮೆಯಾಗಿದೆ ಎನ್ನುವಷ್ಟೇ ಸಲೀಸಾಗಿ ಹೇಳಿದರು. ಎಲ್ಲ ಮಕ್ಕಳಿಗೂ ನಾಳೆಯೇ ಹೇಳಬೇಕು, ಟೀಚರ್ ತಪ್ಪು ಬರೆದಿದ್ದಾರೆ ಎಂದೇ ಹೇಳಬೇಕು ಎಂದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ನಿನಗೆ ಯಾವತ್ತು ಗೊತ್ತಾಯ್ತು?"

"ಒಂದು ವಾರ ಆಯ್ತು ಟೀಚರೇ."

"ಮಳೆಗಾಲಕ್ಕಿಂತ ವಾಸಿ," ಎಂದರು.

ಅವರು ನಕ್ಕರು. ನಾನೂ ನಕ್ಕೆ. ಸಮಿತಿಯ ಆ ಸಭೆಯ ನಂತರ ಆ ಮಳೆಗಾಲದ ಮಾತನ್ನು ಅವರು ನನ್ನೆದುರು ಎತ್ತಿದ್ದು ಅದೇ ಮೊದಲು. ನೀಲಿ ಪೆನ್ನು ತರಿಸಿ ನನ್ನ ಕೈಗೆ ಕೊಟ್ಟರು. ಅವರ ಮ್ಯಾಪಿನ ಮೇಲೆ ಅವರದಲ್ಲದೆ ಬೇರೆಯವರ ಗೆರೆ ಬಿದ್ದದ್ದೇ ಇಲ್ಲ. ಕೈ ನಡುಗುತ್ತದೆ, ಬೇರೆ ಯಾರಾದರೂ ಬರೆಯಲಿ ಎಂದೆ.

"ನಡುಗ್ಲಿ. ನೋಡಿ ಬಂದವನು ನೀನು. ಬರೆ."

ಬಂಡೆಯ ಮೂಡಕ್ಕೆ ಒಂದು ಸಣ್ಣ ಗೆರೆ ಎಳೆದೆ. ಅವರು ಹಾಳೆಯನ್ನು ಕಣ್ಣಿನ ಹತ್ತಿರ ತಂದು ನೋಡಿ, ತಲೆಯಾಡಿಸಿ, ಮಡಚಿ ನನಗೆ ಕೊಟ್ಟರು. ನಮ್ಮ ಕೊನೆಯ ಭೇಟಿ ಅದು. ಮಳೆ ಶುರುವಾಗುವ ಮೊದಲೇ ಹೋಗಿಬಿಟ್ಟರು.

ಬೆಟ್ಟದ ಬುಡದ ಹಲಗೆಗೆ ಹೊಸ ಮ್ಯಾಪು ಅಚ್ಚು ಹಾಕಿಸುವಾಗ ಅಂಗಡಿಯ ಹುಡುಗ, ಈ ಒಂದು ನೀಲಿ ಗೆರೆ ಸೊಟ್ಟಗಿದೆ, ಕಂಪ್ಯೂಟರಿನಲ್ಲಿ ನೇರ ಮಾಡಲೇ ಎಂದು ಕೇಳಿದ. ಬೇಡ ಎಂದೆ. ಟೀಚರ್ ನೋಡಿ ಒಪ್ಪಿದ ಗೆರೆ ಅದು.